ಎಲ್ಲರಿಗೂ ಸಾಕಾಗುವ ಅಳತೆ



ನ್ಯಾಯ ಎಂದೊಡನೆ ನಮಗೆ ಕೋರ್ಟು, ವಕೀಲರು ನೆನಪಾಗುತ್ತಾರೆ. ಆದರೆ ನ್ಯಾಯದ ಪ್ರಶ್ನೆ ಬೆಳಗಾದರೆ ನಮ್ಮ ಮನೆಯ ನಲ್ಲಿಯ ಬಳಿಯೇ ಏಳುತ್ತದೆ. ಎಲ್ಲರಿಗೂ ಸೇರಿದ್ದನ್ನು ಹಂಚುವಾಗ ಯಾವ ಅಳತೆ ಸರಿ?

ಸಂತ ಥಾಮಸ್ ಅಕ್ವಿನಾಸರು ಎರಡು ಬಗೆಯ ನ್ಯಾಯವನ್ನು ಗುರುತಿಸಿದರು. ಒಂದು, ಕೊಡು-ಕೊಳ್ಳುವಿಕೆಯ ನ್ಯಾಯ: ಪಡೆದ ಸರಕಿಗೆ ತಕ್ಕ ಬೆಲೆ ಕೊಡುವುದು. ಇನ್ನೊಂದು, ಹಂಚಿಕೆಯ ನ್ಯಾಯ: ಸಮುದಾಯದ ಸ್ವತ್ತನ್ನು ಅದರ ಸದಸ್ಯರಿಗೆ ತಕ್ಕ ಪ್ರಮಾಣದಲ್ಲಿ ತಲುಪಿಸುವುದು. ಮೊದಲನೆಯದರಲ್ಲಿ ಹಣ ಕೊಟ್ಟರೆ ಲೆಕ್ಕ ಮುಗಿಯಿತು. ಎರಡನೆಯದರಲ್ಲಿ ಹಣವಿಲ್ಲದವನಿಗೂ ಪಾಲಿದೆ. ಅವನೂ ಸಮುದಾಯದವನೇ ಅಲ್ಲವೇ?

ನಮ್ಮ ತಣಿಸಂದ್ರದ ಕಡೆಯನ್ನೇ ನೋಡೋಣ. 2007ರಲ್ಲಿ 7 ನಗರಸಭೆಗಳು, 1 ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬೆಂಗಳೂರು 'ಬೃಹತ್' ಆಯಿತು. ಹೊರವಲಯದವರು ನಗರದ ತೆರಿಗೆ ಕಟ್ಟಿದರು. ಆದರೆ ಅನೇಕ ಬಡಾವಣೆಗಳಿಗೆ ಕಾವೇರಿ ನೀರು ವರ್ಷಗಟ್ಟಲೆ ಬರಲಿಲ್ಲ. ಕೊಳವೆಬಾವಿ, ಟ್ಯಾಂಕರುಗಳೇ ಗತಿಯಾದವು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರ್ ದರಕ್ಕೆ ಮಿತಿ ಹಾಕಿತು: 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ. ಆಗ ನಲ್ಲಿಯಿದ್ದ ಮನೆಗೆ ಜಲಮಂಡಳಿಯ ಮೊದಲ ಹಂತದ ದರ 1,000 ಲೀಟರಿಗೆ 7 ರೂಪಾಯಿ. ಅಂದರೆ 6,000 ಲೀಟರಿಗೆ 42 ರೂಪಾಯಿ. ಒಂದೇ ನಗರ, ಹದಿನಾಲ್ಕು ಪಟ್ಟು ವ್ಯತ್ಯಾಸ! ಟ್ಯಾಂಕರಿನವರು ನಿಗದಿತ ದರವನ್ನೇ ಪಡೆದಿದ್ದರೂ ಹಂಚಿಕೆಯ ನ್ಯಾಯ ಕೆಟ್ಟೇ ಇತ್ತು.

ಮರುಭೂಮಿಯಲ್ಲಿ ದೇವರು ಮನ್ನಾ ಸುರಿಸಿದಾಗ ಅಳತೆ ಬೇರೆಯಿತ್ತು. ಡೇರೆಯಲ್ಲಿರುವ ತಲೆಗಳ ಲೆಕ್ಕದಂತೆ ಪ್ರತಿಯೊಬ್ಬರೂ ಕೂಡಿಸಿಕೊಳ್ಳಬೇಕಿತ್ತು. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಬಚ್ಚಿಟ್ಟದ್ದು ಹುಳು ಬಿದ್ದು ನಾರಿತು (ವಿಮೋಚನಾಕಾಂಡ 16). ಎಂಟು ಜನರ ಡೇರೆಗೂ ಇಬ್ಬರ ಡೇರೆಗೂ ಒಂದೇ ಬುಟ್ಟಿ ಕೊಡುವುದು ನ್ಯಾಯವಲ್ಲ. ಅಗತ್ಯಕ್ಕೆ ತಕ್ಕಂತೆ ಎಲ್ಲರಿಗೂ ಸಾಕಾಗುವಂತೆ ನೋಡಿಕೊಳ್ಳುವುದೇ ನ್ಯಾಯ.

ಆದಿ ಧರ್ಮಸಭೆಯಲ್ಲೂ ಹಂಚಿಕೆ ತಪ್ಪಿತ್ತು. ಗ್ರೀಕ್ ಮಾತನಾಡುವ ವಿಧವೆಯರು ದಿನದ ಊಟದ ಹಂಚಿಕೆಯಲ್ಲಿ ಕಡೆಗಣಿಸಲ್ಪಟ್ಟರು. ಪ್ರೇಷಿತರು ಅವರಿಗೆ "ತಾಳ್ಮೆಯಿಂದಿರಿ" ಎಂದು ಬೋಧಿಸಲಿಲ್ಲ. ಒಂದು ದಿನದ ದಾನ ಕೊಟ್ಟು ಕೈತೊಳೆದುಕೊಳ್ಳಲೂ ಇಲ್ಲ. ಏಳು ಮಂದಿಯನ್ನು ನೇಮಿಸಿ ಹಂಚುವ ವ್ಯವಸ್ಥೆಯನ್ನೇ ಸರಿಪಡಿಸಿದರು (ಪ್ರೇಷಿತರ ಕಾರ್ಯಕಲಾಪಗಳು 6). ದಾನ ಇಂದಿನ ಹಸಿವನ್ನು ನೀಗಿಸುತ್ತದೆ. ನಾಳೆಯೂ ಅದೇ ಮನೆ ಹಸಿಯದಂತೆ ನ್ಯಾಯ ನೋಡಿಕೊಳ್ಳುತ್ತದೆ.

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಈ ಯೋಜನೆ ಆ 110 ಹಳ್ಳಿಗಳಿಗಾಗಿಯೇ ರೂಪುಗೊಂಡದ್ದು. ವ್ಯವಸ್ಥೆ ಸರಿಪಡಿಸುವ ಕೆಲಸ ಇದು. ಆದರೆ ಬೀದಿಗೆ ಕೊಳವೆ ಬಂದಮಾತ್ರಕ್ಕೆ ಕೊಡ ತುಂಬುವುದಿಲ್ಲ. ಸಂಪರ್ಕಕ್ಕೆ ಅರ್ಜಿ ಬೇಕು, ಶುಲ್ಕ ಬೇಕು. ವಠಾರದ ಒಂದು ಕೋಣೆಯಲ್ಲಿ ಬಾಡಿಗೆಗಿರುವ ಕುಟುಂಬದ ಪರವಾಗಿ ಅದನ್ನು ಮಾಡುವವರು ಯಾರು?

ವಿಶ್ವಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಶುದ್ಧ ಕುಡಿಯುವ ನೀರು ಪ್ರತಿ ಮನುಷ್ಯನ ಮೂಲಭೂತ ಹಕ್ಕೆಂದು ಸಾರಿದರು. ಮನೆ ಬಾಡಿಗೆಗೆ ಕೊಟ್ಟವರು ಬಾಡಿಗೆದಾರರ ನಲ್ಲಿಯನ್ನು ವಿಚಾರಿಸಲಿ. ಅಪಾರ್ಟ್‌ಮೆಂಟ್ ಸಮಿತಿಯಲ್ಲಿರುವವರು ಕಾವಲುಗಾರನ ಕುಟುಂಬವನ್ನೂ ನೀರಿನ ಲೆಕ್ಕಕ್ಕೆ ಸೇರಿಸಲಿ. ಬಲಿಪೂಜೆಯಲ್ಲಿ ನಾವೆಲ್ಲರೂ ಒಂದೇ ರೊಟ್ಟಿಯಲ್ಲಿ ಪಾಲುಗಾರರು. ಬೀದಿಯ ನೀರಿನಲ್ಲೂ ಹಾಗೆಯೇ ಆಗೋಣ.