ಹಿಂದಿನ ಎರಡು ಚಕ್ರ ಒಟ್ಟಿಗೆ ತಿರುಗಬೇಕಾದಾಗ

ಶಿಡ್ಲಘಟ್ಟ, ಚಿಂತಾಮಣಿ ಕಡೆ ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಯುವ ಟ್ರ್ಯಾಕ್ಟರ್ ಚಾಲಕರಿಗೆ ಡಿಫರೆನ್ಷಿಯಲ್ ಲಾಕ್ ಹೊಸ ಸಂಗತಿಯಲ್ಲ. ಒಂದು ಹಿಂಚಕ್ರ ಹಸಿಮಣ್ಣಿನಲ್ಲಿ ಹೂತು ನಿಂತಲ್ಲೇ ತಿರುಗತೊಡಗಿದರೆ ಕಾಲ ಬಳಿಯ ಪೆಡಲ್ ಒತ್ತುತ್ತಾರೆ, ಎರಡೂ ಚಕ್ರ ಕೂಡಿ ತಿರುಗಿ ಗಾಡಿ ಮೇಲೆ ಬರುತ್ತದೆ. ತಿರುವು ತೆಗೆದುಕೊಳ್ಳುವ ಮುನ್ನ ಪೆಡಲ್ ಬಿಟ್ಟುಬಿಡುತ್ತಾರೆ. ಜಿಪ್ಸಿ, ಜಿಮ್ನಿಯಂಥ ಸಣ್ಣ ಗಾಡಿಯ ಹಿಂದಿನ ಆಕ್ಸಲ್‌ಗೆ ಇಂಥ ಲಾಕ್, ಅಂದರೆ ಲಾಕರ್, ಹಾಕಿಸಲು ಹೊರಟವರು ಮೊದಲು ನೋಡಬೇಕಾದದ್ದು ಒತ್ತುವುದನ್ನಷ್ಟೇ ಅಲ್ಲ, ಆ ಬಿಡುವುದನ್ನು.

ಡಿಫರೆನ್ಷಿಯಲ್ ಇರುವುದೇ ತಿರುವಿಗಾಗಿ. ಎರಡು ಚಕ್ರಗಳ ನಡುವೆ 1.4 ಮೀಟರ್ ಅಂತರವಿರುವ ಗಾಡಿ ಒಂದು ಪೂರ್ತಿ ಸುತ್ತು ಹಾಕಿದರೆ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 8.8 ಮೀಟರ್ ಹೆಚ್ಚು ಓಡಿರುತ್ತದೆ. ಸುತ್ತು ದೊಡ್ಡದಾದರೂ ಚಿಕ್ಕದಾದರೂ ಈ ವ್ಯತ್ಯಾಸ ಅಷ್ಟೇ. ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದಿದ್ದರೆ ಒಂದು ಟೈರ್ ಉಜ್ಜಿಕೊಂಡೇ ಹೋಗಬೇಕು. ಇದನ್ನು ತಪ್ಪಿಸಲು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಗೆ, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆಯೊಂದಕ್ಕೆ ಪೇಟೆಂಟ್ ಪಡೆದ. ಇಂದಿನ ಗಾಡಿಗಳಲ್ಲಿರುವುದೂ ಮೂಲತಃ ಅದೇ.

ಆದರೆ ಈ ಜೋಡಣೆ ಎರಡೂ ಚಕ್ರಗಳಿಗೆ ಸಮನಾದ ತಿರುಚುಬಲವನ್ನೇ ಕೊಡುತ್ತದೆ. ಕೆಸರಿನಲ್ಲಿರುವ ಚಕ್ರಕ್ಕೆ 100 ನ್ಯೂಟನ್ ಮೀಟರ್ ತಾಳುವಷ್ಟು ಮಾತ್ರ ಹಿಡಿತ ಇದೆ ಎಂದುಕೊಳ್ಳಿ. ಗಟ್ಟಿ ನೆಲದ ಮೇಲಿರುವ ಚಕ್ರ 1,000ವನ್ನು ತಾಳಬಲ್ಲದಾದರೂ ಅದಕ್ಕೂ ಸಿಗುವುದು 100 ಮಾತ್ರ. ಒಟ್ಟು 200ರಲ್ಲಿ ಗಾಡಿ ಅಲುಗದು. ಲಾಕ್ ಮಾಡಿದರೆ ಎರಡೂ ಚಕ್ರಗಳ ವೇಗ ಸಮನಾಗುತ್ತದೆ, ಬಲ ಸಮನಾಗಿರಬೇಕಾಗಿಲ್ಲ. ಹಿಡಿತ ಇರುವ ಚಕ್ರ ತನ್ನ 1,000ವನ್ನು ಪೂರ್ತಿ ಬಳಸಿಕೊಳ್ಳುತ್ತದೆ.

ಅದೇ ಕಾರಣಕ್ಕೆ ಹೊರೆಯೆಲ್ಲ ಒಂದೇ ಆಕ್ಸಲ್ ಶಾಫ್ಟ್ ಮೇಲೆ ಬೀಳಬಹುದು. ಸಣ್ಣ ಗಾಡಿಯ ಶಾಫ್ಟ್ ಸಣ್ಣದು. ದೊಡ್ಡ ಟೈರ್, ಲೋ ಗೇರ್, ಲಾಕರ್ ಮೂರೂ ಸೇರಿದಾಗ ಜೋರಾಗಿ ಆಕ್ಸಲರೇಟರ್ ತುಳಿದರೆ ಮುರಿಯುವುದು ಅದೇ.

ನಮ್ಮ ಭಾಗದ ನೆಲದಲ್ಲಿ ಇದರ ಉಪಯೋಗ ಎಲ್ಲ ಕಡೆ ಒಂದೇ ಥರ ಇಲ್ಲ. ಮಳೆ ಕೊರೆದ ಕೆಮ್ಮಣ್ಣಿನ ದಾರಿಯಲ್ಲಿ ಒಂದು ಮುಂಚಕ್ರವೂ ಅದರ ಎದುರು ಮೂಲೆಯ ಹಿಂಚಕ್ರವೂ ಗಾಳಿಯಲ್ಲಿ ತೂಗುವ ಕೊರಕಲುಗಳಿರುತ್ತವೆ. ಲಾಕರ್ ನಿಜಕ್ಕೂ ಕೈಹಿಡಿಯುವುದು ಅಲ್ಲಿ. ಗೌರಿಬಿದನೂರಿನ ಉತ್ತರ ಪಿನಾಕಿನಿಯ ಒಣ ಮರಳಿನಲ್ಲಿ ಎರಡೂ ಹಿಂಚಕ್ರಗಳಿಗೆ ಹಿಡಿತ ಒಂದೇ ರೀತಿ ಕಡಿಮೆ. ಅಲ್ಲಿ ಟೈರ್ ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸುವುದು ಲಾಕರ್‌ಗಿಂತ ಹೆಚ್ಚು ಫಲ ಕೊಡುತ್ತದೆ, ಖರ್ಚೂ ಇಲ್ಲ. ಟಾರು ರಸ್ತೆಗೆ ಬರುವ ಮುನ್ನ ಮತ್ತೆ ತುಂಬಿಸಿಕೊಳ್ಳಬೇಕು. ಇನ್ನು ನೆನೆದ ಹಾಸುಬಂಡೆಯ ಅಡ್ಡ ಇಳಿಜಾರಿನಲ್ಲಿ ಲಾಕ್ ಹಾಕಿದ್ದರೆ ಅಪಾಯವೇ. ಎರಡೂ ಹಿಂಚಕ್ರಗಳು ಒಟ್ಟಿಗೆ ಜಾರಿದಾಗ ಗಾಡಿಯ ಬಾಲವನ್ನು ಪಕ್ಕಕ್ಕೆ ಸರಿಯದಂತೆ ಹಿಡಿಯಲು ಯಾವ ಚಕ್ರವೂ ಉಳಿದಿರುವುದಿಲ್ಲ.

ಲಾಕರ್‌ಗಳಲ್ಲಿ ಅಗ್ಗದ್ದು ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರಗಳ ಜಾಗದಲ್ಲಿ ಕೂರುವ ತಾನೇ ಹಿಡಿಯುವ ಬಗೆ. ಆಕ್ಸಲರೇಟರ್ ತುಳಿದಾಗ ಎರಡೂ ಚಕ್ರಗಳನ್ನು ಬಿಗಿಯುತ್ತದೆ, ಕಾಲು ತೆಗೆದಾಗ ತಿರುವಿನಲ್ಲಿ ಹೊರಚಕ್ರವನ್ನು ಬಿಡುತ್ತದೆ. 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹತ್ತುವ ತಿರುವುಗಳಲ್ಲಿ ಕಾಲು ಆಕ್ಸಲರೇಟರ್ ಮೇಲೇ ಇರುತ್ತದೆ. ಆಗ ಗಾಡಿ ತಿರುಗದೆ ನೇರಕ್ಕೆ ನೂಕುತ್ತದೆ, ಕಾಲು ತೆಗೆದ ಮರುಕ್ಷಣ ಲಾಕ್ ಬಿಟ್ಟು ಬಾಲ ಎಳೆಯುತ್ತದೆ. ಉದ್ದನೆಯ ಭಾರದ ಗಾಡಿ ಇದನ್ನು ನುಂಗಿಕೊಂಡೀತು. ಮುಂದಿನ ಹಿಂದಿನ ಚಕ್ರಗಳ ನಡುವೆ 2,375 ಮಿಲಿಮೀಟರ್ ಮಾತ್ರ ಇರುವ ಹಗುರ ಜಿಪ್ಸಿಯಲ್ಲಿ ಚಾಲಕನ ಕೈಗೇ ತಟ್ಟುತ್ತದೆ. ಮನೆಮಂದಿಯೂ ಓಡಿಸುವ ಗಾಡಿಗೆ ನಾನಂತೂ ಇದನ್ನು ಹೇಳುವುದಿಲ್ಲ.

2020ರ ಥಾರ್‌ನಲ್ಲಿ ಬಂದ ಮೆಕ್ಯಾನಿಕಲ್ ಲಾಕ್ ಬೇರೆ ಜಾತಿಯದು. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಮಾತ್ರ ಅದು ಹಿಡಿಯುತ್ತದೆ, ರಸ್ತೆವೇಗದಲ್ಲಿ ಸುಮ್ಮನಿರುತ್ತದೆ. ಚಾಲಕ ನೆನಪಿಡಬೇಕಾದದ್ದು ಏನೂ ಇಲ್ಲ. ಆದರೆ ಹಿಡಿಯುವ ಮುನ್ನ ಒಂದು ಚಕ್ರ ಸುಮ್ಮನೆ ತಿರುಗಲೇಬೇಕು, ಕೆರೆಯಂಗಳದ ಗೋಡಿನಲ್ಲಿ ಅಷ್ಟರಲ್ಲೇ ಅದು ಇನ್ನಷ್ಟು ಹೂತಿರುತ್ತದೆ. ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಬಲವನ್ನು ಇನ್ನೊಂದಕ್ಕೆ ದಾಟಿಸುವ ಜಿಮ್ನಿಯ ಎಲೆಕ್ಟ್ರಾನಿಕ್ ಉಪಾಯದ ಮಿತಿಯೂ ಇದೇ. ಆದರೂ ಜಿಮ್ನಿ ಕೊಂಡವರು ಲಾಕರ್‌ಗೆ ಅವಸರಪಡಬೇಡಿ. ಒಳ್ಳೆಯ ಟೈರ್ ಹಾಕಿಸಿ ಒಂದು ಮಳೆಗಾಲ ನೋಡಿ.

ಅದು ಸಾಲದೆ ಹೋದರೆ ಬೇಕೆಂದಾಗ ಹಾಕಿ, ಸಾಕೆಂದಾಗ ತೆಗೆಯುವ ಲಾಕರ್ ಕೊಳ್ಳಿ. ಗೂರ್ಖಾ ಗಾಡಿಯಲ್ಲಿ ಮುಂದಕ್ಕೂ ಹಿಂದಕ್ಕೂ ಇಂಥದ್ದೇ ಲಾಕ್ ಕಂಪನಿಯಿಂದಲೇ ಬರುತ್ತದೆ. ಹೊರಗಿನಿಂದ ಹಾಕಿಸುವವುಗಳಲ್ಲಿ ಗಾಳಿಯದಕ್ಕೆ ಕಂಪ್ರೆಸರ್, ಕೊಳವೆ, ಸೀಲ್‌ಗಳು ಬೇಕು, ಎಲ್ಲೋ ಒಂದು ಕಡೆ ಗಾಳಿ ಸೋರಿದರೂ ಲಾಕ್ ಹಿಡಿಯದು. ವಿದ್ಯುತ್ತಿನದಕ್ಕೆ ಒಂದು ವೈರ್, ಒಂದು ಸ್ವಿಚ್ ಸಾಕು. ನನ್ನ ಆಯ್ಕೆ ವಿದ್ಯುತ್ತಿನದು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯೇ ಬೇಕೆಂದೂ ಇಲ್ಲ. ಹಿಂಚಕ್ರಕ್ಕೆ ಮಾತ್ರ ಬಲ ಕೊಡುವ ಬೊಲೆರೊ ನಿಯೋದ ಒಂದು ಮಾದರಿಗೆ 2021ರಿಂದ ಮೆಕ್ಯಾನಿಕಲ್ ಲಾಕ್ ಸಿಗುತ್ತಿದೆ. ಮಾವಿನ ತೋಪು, ಹಿಪ್ಪುನೇರಳೆ ತೋಟದ ದಾರಿಗೆ ಬಹುಪಾಲು ಅದೇ ಸಾಕು.

ಕೊಳ್ಳುವ ಮೊದಲು ಮೆಕ್ಯಾನಿಕ್ ಹತ್ತಿರ ಆಕ್ಸಲ್ ಶಾಫ್ಟ್ ಬಿಚ್ಚಿಸಿ ಅದರ ತುದಿಯ ಸ್ಪ್ಲೈನ್ ಹಲ್ಲುಗಳನ್ನು ಎಣಿಸಿಕೊಳ್ಳಿ. ಹಲ್ಲು ಹೊಂದದ ಲಾಕರ್ ಒಳಗೆ ಕೂರುವುದಿಲ್ಲ. ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧ ಹಾಕಿದೆ. ಆದ್ದರಿಂದ ಹಣ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ.