ಅಗ್ಗದ ಆಪ್ಷನ್ ಯಾಕೆ ಅಗ್ಗ?

ಹುನಗುಂದದ ಎರಿ ಹೊಲದಲ್ಲಿ ಹಿಂಗಾರಿ ಕಡಲೆ ಬಿತ್ತುವ ರೈತ ಷೇರುಪೇಟೆಯ ಹೆಸರು ಕೇಳಿರದಿದ್ದರೂ ಅವನ ಕೈಯಲ್ಲಿ ಒಂದು ಆಪ್ಷನ್ ಇರುತ್ತದೆ. 2026-27ರ ಮಾರಾಟ ಹಂಗಾಮಿಗೆ ಕೇಂದ್ರ ಸರ್ಕಾರ ಕಡಲೆಗೆ ಕ್ವಿಂಟಲ್‌ಗೆ 5,875 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಪೇಟೆಯಲ್ಲಿ 6,200 ನಡೆದಿದ್ದರೆ ರೈತ ಅಡತಿ ಅಂಗಡಿಗೇ ಹಾಕುತ್ತಾನೆ. 5,200ಕ್ಕೆ ಇಳಿದಿದ್ದರೆ ಖರೀದಿ ಕೇಂದ್ರದ ಕಡೆ ಟ್ರ್ಯಾಕ್ಟರ್ ತಿರುಗಿಸುತ್ತಾನೆ. ಕೇಂದ್ರಕ್ಕೆ ಮಾರಲೇಬೇಕೆಂಬ ಕಟ್ಟುಪಾಡಿಲ್ಲ, ಮಾರುವ ಹಕ್ಕು ಮಾತ್ರ ಇದೆ. ನಿಗದಿಯಾದ ಬೆಲೆಗೆ ಮಾರುವ ಇಂಥ ಹಕ್ಕನ್ನು ಷೇರುಪೇಟೆಯಲ್ಲಿ ‘ಪುಟ್’ ಅನ್ನುತ್ತಾರೆ, ಕೊಳ್ಳುವ ಹಕ್ಕನ್ನು ‘ಕಾಲ್’ ಅನ್ನುತ್ತಾರೆ. ನಿಗದಿಯಾದ ಆ ಬೆಲೆಯೇ ‘ಸ್ಟ್ರೈಕ್’.

ಈ ಹಕ್ಕು ಎಷ್ಟು ಬಾಳುತ್ತದೆ ಎಂದು ರೈತ ತೂಗುವ ರೀತಿಯೂ ಗಮನಿಸುವಂಥದ್ದು. ಕೇಂದ್ರ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ? ಒಬ್ಬರಿಂದ ಎಷ್ಟು ಕ್ವಿಂಟಲ್ ಕೊಳ್ಳುತ್ತಾರೆ? ಕಾಳಿನ ಗುಣಮಟ್ಟ ನೋಡಿ ವಾಪಸ್ ಕಳಿಸಿದರೆ? ದುಡ್ಡು ಖಾತೆಗೆ ಬೀಳುವುದು ಎಂದು? ಅಷ್ಟರೊಳಗೆ ಪೇಟೆ ಎಷ್ಟು ಏರಿಳಿದೀತು? ಬೆಲೆ, ಅವಧಿ, ಪ್ರಮಾಣ, ಕೈಗೆ ದುಡ್ಡು ಬರುವ ಖಾತ್ರಿ, ಪೇಟೆಯ ಏರಿಳಿತ: ನುರಿತ ಆಪ್ಷನ್ ವ್ಯಾಪಾರಿ ಕೇಳಿಕೊಳ್ಳುವ ಪ್ರಶ್ನೆಗಳೂ ಇವೇ. ರೈತನ ಹಕ್ಕು ಪುಕ್ಕಟೆ. ಷೇರುಪೇಟೆಯಲ್ಲಿ ಅದಕ್ಕೆ ದುಡ್ಡು ಕಟ್ಟಬೇಕು, ಆ ದುಡ್ಡಿಗೆ ಪ್ರೀಮಿಯಂ ಎಂದು ಹೆಸರು. ಹೊಸಬರು ಎಡವುವುದು ಈ ಪ್ರೀಮಿಯಂ ಲೆಕ್ಕದಲ್ಲಿ.

ತೇಜಿ, ಮಂದಿ, ನಿಷೇಧ

ಈ ವ್ಯವಹಾರ ಮೊಬೈಲ್ ಆ್ಯಪ್‌ಗಳ ಜೊತೆ ಬಂದದ್ದು ಎಂದುಕೊಳ್ಳಬೇಡಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಅಂದಿನ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಇಲ್ಲಿಯ ಹತ್ತಿಯ ಧಾರಣೆಗೆ ಮುಂಬೈ ಪೇಟೆಯೇ ದಿಕ್ಕು. ಆ ಪೇಟೆಯಲ್ಲಿ ‘ತೇಜಿ’ ಎಂದರೆ ಕೊಳ್ಳುವ ಹಕ್ಕು, ‘ಮಂದಿ’ ಎಂದರೆ ಮಾರುವ ಹಕ್ಕು, ಎರಡನ್ನೂ ಕೂಡಿಸಿ ಕೊಂಡರೆ ‘ತೇಜಿ-ಮಂದಿ’. ಸಟ್ಟಾ ವಿಪರೀತವಾದಾಗ ಮುಂಬೈ ಸರ್ಕಾರ 1939ರಲ್ಲಿ ಹತ್ತಿಯ ಆಪ್ಷನ್ ವ್ಯವಹಾರವನ್ನೇ ನಿಷೇಧಿಸುವ ಕಾಯ್ದೆ ತಂದಿತು. ಸ್ವಾತಂತ್ರ್ಯಾನಂತರ 1952ರ ಕಾಯ್ದೆ ಸರಕುಗಳ ಆಪ್ಷನ್ನನ್ನೂ 1956ರ ಕಾಯ್ದೆ ಷೇರುಗಳ ಆಪ್ಷನ್ನನ್ನೂ ನಿಷೇಧಿಸಿದವು. ಕಾಯ್ದೆಯ ವ್ಯಾಖ್ಯೆಯಲ್ಲೇ ತೇಜಿ, ಮಂದಿ ಎಂಬ ಪೇಟೆ ಮಾತುಗಳು ಸೇರಿಕೊಂಡವು.

ಮುಂಬೈ ಹತ್ತಿ ಪೇಟೆ ಇನ್ನೊಂದು ಸಂತಾನವನ್ನೂ ಹಡೆಯಿತು. ನ್ಯೂಯಾರ್ಕ್ ಹತ್ತಿಯ ಆರಂಭದ ದರ ಮತ್ತು ಮುಕ್ತಾಯದ ದರದ ಮೇಲೆ ಬಾಜಿ ಕಟ್ಟುವ ಆಟ ಬೆಳೆದು ಮಟಕಾ ಆಯಿತು. ನಮ್ಮ ಕಡೆ ಅದನ್ನೇ ಓಸಿ ಅನ್ನುವುದು. ಒಂದೇ ಪೇಟೆಯಿಂದ ಹೊರಟ ಈ ಎರಡು ದಾರಿಗಳು ಇವತ್ತು ಮತ್ತೆ ಎಲ್ಲಿ ಕೂಡುತ್ತವೆ ಎಂಬುದನ್ನು ಮುಂದೆ ನೋಡೋಣ.

ಷೇರು ಆಪ್ಷನ್ ಮೇಲಿನ ನಿಷೇಧ 1995ರಲ್ಲಿ ತೆರವಾಯಿತು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ನಿಫ್ಟಿ ಸೂಚ್ಯಂಕದ ಆಪ್ಷನ್ 2001ರ ಜೂನ್‌ನಲ್ಲೂ ಬಿಡಿ ಷೇರುಗಳ ಆಪ್ಷನ್ ಅದೇ ವರ್ಷದ ಜುಲೈನಲ್ಲೂ ಶುರುವಾದವು.

ಒಂದೇ ಷೇರು, ಮೂರು ಹಕ್ಕು

ಈಗ ಲೆಕ್ಕಕ್ಕೆ ಬರೋಣ. ಒಂದು ಕಂಪನಿಯ ಷೇರು ಇವತ್ತು 1,500 ರೂಪಾಯಿಗೆ ನಡೆದಿದೆ ಎಂದಿಟ್ಟುಕೊಳ್ಳಿ. ಆಪ್ಷನ್ ಬಿಡಿಯಾಗಿ ಸಿಗುವುದಿಲ್ಲ, ಲಾಟ್ ಲೆಕ್ಕದಲ್ಲಿ ಕೊಳ್ಳಬೇಕು. ಲಾಟ್‌ಗೆ 400 ಷೇರು, ಅವಧಿ ಮುಗಿಯಲು 30 ದಿನ. ನಮ್ಮ ಮುಂದೆ ಮೂರು ಕಾಲ್ ಆಪ್ಷನ್‌ಗಳಿವೆ.

1,400ರ ಕಾಲ್‌ಗೆ ಪ್ರೀಮಿಯಂ 115 ರೂಪಾಯಿ. 1,500ರ ಷೇರನ್ನು 1,400ಕ್ಕೆ ಕೊಳ್ಳುವ ಹಕ್ಕಾದ್ದರಿಂದ ಇದರಲ್ಲಿ 100 ರೂಪಾಯಿ ಈಗಾಗಲೇ ಗಟ್ಟಿ ಮೌಲ್ಯ. ಉಳಿದ 15 ಮಾತ್ರ ಮುಂದಿನ ಆಸೆಯ ಬೆಲೆ. 1,500ರ ಕಾಲ್‌ಗೆ 46 ರೂಪಾಯಿ, ಅಷ್ಟೂ ಆಸೆಯದೇ. 1,600ರ ಕಾಲ್‌ಗೆ 12 ರೂಪಾಯಿ. ಲಾಟ್ ಲೆಕ್ಕದಲ್ಲಿ ಮೊದಲನೆಯದಕ್ಕೆ 46,000, ಎರಡನೆಯದಕ್ಕೆ 18,400, ಮೂರನೆಯದಕ್ಕೆ 4,800 ರೂಪಾಯಿ.

ಹೊಸಬರು ಮೂರನೆಯದಕ್ಕೇ ಕೈ ಹಾಕುತ್ತಾರೆ. “ಹೋದ್ರ ನಾಕೂವರಿ-ಐದು ಸಾವಿರ ಹೋಗ್ತೈತಿ, ಬಂದ್ರ ಲಕ್ಷ” ಎಂಬ ಮಾತು ಅದರ ಹಿಂದೆ ಇರುತ್ತದೆ. ಅವರ ಅಂದಾಜು ಸರಿಯಾಯಿತು ಎಂದೇ ಇಟ್ಟುಕೊಳ್ಳೋಣ. ಷೇರು ಏರಿತು, ಅವಧಿಯ ಕೊನೆಯ ದಿನ 1,560ಕ್ಕೆ ನಿಂತಿತು. ಒಂದೇ ತಿಂಗಳಲ್ಲಿ ಶೇ 4ರ ಏರಿಕೆ ಎಂದರೆ ಕಡಿಮೆಯದಲ್ಲ. 1,400ರ ಕಾಲ್ ಈಗ 160 ರೂಪಾಯಿ ಬಾಳುತ್ತದೆ, ಲಾಟ್‌ಗೆ 18,000 ಲಾಭ. 1,500ರ ಕಾಲ್ 60 ಬಾಳುತ್ತದೆ, 5,600 ಲಾಭ. 1,600ರ ಕಾಲ್ ಸೊನ್ನೆ. ಷೇರು ಮೇಲೆ ಹೋಗುತ್ತದೆ ಎಂದವನು ಗೆದ್ದ, ಅವನ 4,800 ರೂಪಾಯಿ ಮಾತ್ರ ಪೂರ್ತಿ ಹೋಯಿತು. ಅವನ ಕಾಲ್ ಲಾಭಕ್ಕೆ ಬರಬೇಕಾಗಿದ್ದರೆ ಷೇರು 1,612 ದಾಟಬೇಕಿತ್ತು.

ಹಾಗಾದರೆ 12 ರೂಪಾಯಿ ಅಗ್ಗವೇ? ಷೇರು 1,600 ದಾಟುವ ಸಂಭವ ಐದರಲ್ಲಿ ಒಂದು ಎಂದು ಪೇಟೆ ಅಂದಾಜು ಮಾಡಿದೆ, ಅದಕ್ಕೆ ತಕ್ಕ ಬೆಲೆ ಇಟ್ಟಿದೆ. ಈ ಅಂದಾಜನ್ನು ಆಪ್ಷನ್ ಪಟ್ಟಿಯಲ್ಲೇ ನೋಡಬಹುದು. ‘ಡೆಲ್ಟಾ’ ಎಂಬ ಅಂಕಿ, ಷೇರು ಒಂದು ರೂಪಾಯಿ ಏರಿದರೆ ಪ್ರೀಮಿಯಂ ಎಷ್ಟು ಪೈಸೆ ಏರುತ್ತದೆ ಎಂದು ಹೇಳುತ್ತದೆ. ನಮ್ಮ ಉದಾಹರಣೆಯಲ್ಲಿ 1,400ರ ಕಾಲ್‌ಗೆ ಅದು ಸುಮಾರು 86 ಪೈಸೆ, 1,600ರದಕ್ಕೆ 21 ಪೈಸೆ. ಷೇರು ಸ್ಟ್ರೈಕ್ ದಾಟುವ ಸಂಭವವನ್ನೂ ವ್ಯಾಪಾರಿಗಳು ಒರಟಾಗಿ ಇದೇ ಅಂಕಿಯಿಂದ ಅಳೆಯುತ್ತಾರೆ. ಆದ್ದರಿಂದ ಅನುಭವಸ್ಥ ಪ್ರೀಮಿಯಂ ನೋಡುವ ಮೊದಲು ಡೆಲ್ಟಾ ನೋಡುತ್ತಾನೆ.

ಕರಗುವ ದಿನಗಳು

ಷೇರು ಕದಲದೆ 1,500ರಲ್ಲೇ ನಿಂತರೆ 46 ರೂಪಾಯಿಯ ಆ ಕಾಲ್ ಏನಾಗುತ್ತದೆ? ಇನ್ನು 15 ದಿನ ಉಳಿದಾಗ ಸುಮಾರು 32. ಏಳು ದಿನ ಉಳಿದಾಗ 21. ಕೊನೆಯ ದಿನ ಸೊನ್ನೆ. ಮೊದಲ ಹದಿನೈದು ದಿನದಲ್ಲಿ ಹೋದದ್ದು 14 ರೂಪಾಯಿ, ಕೊನೆಯ ಏಳು ದಿನದಲ್ಲಿ ಹೋದದ್ದು 21. ಕೊನೆಗೆ ಬಂದಷ್ಟೂ ಕರಗುವ ವೇಗ ಹೆಚ್ಚು. ದಿನಕ್ಕಿಷ್ಟು ಎಂಬ ಈ ಸವಕಳಿಗೆ ‘ಥೀಟಾ’ ಎಂದು ಹೆಸರು. ಕೊಂಡವನ ಕೈಯಿಂದ ಅದು ಭಾನುವಾರವೂ ಬಿಡದೆ ಸೋರುತ್ತದೆ, ಮಾರಿದವನ ಕೈಗೆ ಸೇರುತ್ತದೆ.

ಅವಧಿಯನ್ನು ಆರಿಸುವುದು ಈ ಸವಕಳಿಯನ್ನು ನೋಡಿ. ನಿಮ್ಮ ಅಂದಾಜು ನಿಜವಾಗಲು ಎರಡು ವಾರ ಬೇಕು ಅನ್ನಿಸಿದರೆ ಎರಡೇ ವಾರ ಉಳಿದಿರುವ ಆಪ್ಷನ್ ಕೊಳ್ಳುವುದು ಜಾಣತನವಲ್ಲ. ಮುಂದಿನ ತಿಂಗಳದನ್ನು ಕೊಂಡು, ಕೆಲಸವಾದ ಕೂಡಲೇ ಮಾರಿ ಹೊರಬರುವುದು ವಾಸಿ. ಪ್ರೀಮಿಯಂ ಹೆಚ್ಚು ನಿಜ, ಆದರೆ ಆ ಎರಡು ವಾರದಲ್ಲಿ ಸವೆಯುವುದು ಕಡಿಮೆ.

ಅಂಜಿಕೆಗೆ ಕಟ್ಟುವ ಬೆಲೆ

ಇಲ್ಲಿಯವರೆಗಿನದು ಸುಲಭದ ಭಾಗ. ಕಷ್ಟವಿರುವುದು ಏರಿಳಿತದ ಅಂದಾಜಿನಲ್ಲಿ. ಆಪ್ಷನ್‌ನ ಬೆಲೆಯನ್ನು ಗಣಿತದಿಂದ ಕಟ್ಟುವ ಸೂತ್ರವನ್ನು ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ 1973ರಲ್ಲಿ ಪ್ರಕಟಿಸಿದರು. ಷೇರಿನ ದರ, ಸ್ಟ್ರೈಕ್, ಉಳಿದ ದಿನ, ಬಡ್ಡಿದರ: ಆ ಸೂತ್ರಕ್ಕೆ ಬೇಕಾದ ಈ ನಾಲ್ಕೂ ಎಲ್ಲರಿಗೂ ಗೊತ್ತಿರುವಂಥವು. ಗೊತ್ತಿಲ್ಲದ್ದು ಒಂದೇ, ಈ ಷೇರು ಮುಂದೆ ಎಷ್ಟು ಹೊಯ್ದಾಡುತ್ತದೆ ಎಂಬುದು. ಪೇಟೆಯಲ್ಲಿ ನಡೆಯುತ್ತಿರುವ ಪ್ರೀಮಿಯಂ ಹಿಡಿದು ಸೂತ್ರವನ್ನು ಹಿಂದುಮುಂದಾಗಿ ಬಿಡಿಸಿದರೆ ಪೇಟೆ ಎಷ್ಟು ಹೊಯ್ದಾಟ ನಿರೀಕ್ಷಿಸಿದೆ ಎಂದು ತಿಳಿಯುತ್ತದೆ. ಅದೇ ‘ಇಂಪ್ಲೈಡ್ ವೊಲಟಿಲಿಟಿ’, ವ್ಯಾಪಾರಿಗಳ ಬಾಯಲ್ಲಿ ಐವಿ. ಮೇಲಿನ ಲೆಕ್ಕಗಳೆಲ್ಲ ಐವಿ ಶೇ 25 ಎಂದು ಹಿಡಿದು ಮಾಡಿದವು. ಅಂದರೆ ಆ ಷೇರು ಒಂದು ತಿಂಗಳಲ್ಲಿ ಸುಮಾರು 107 ರೂಪಾಯಿ ಅತ್ತ ಇಲ್ಲ ಇತ್ತ ಆಡಬಹುದು ಎಂಬ ನಿರೀಕ್ಷೆ.

ಕಂಪನಿಯ ತ್ರೈಮಾಸಿಕ ಫಲಿತಾಂಶ ನಾಳೆ ಎಂದರೆ ಐವಿ ಇವತ್ತೇ ಉಬ್ಬಿರುತ್ತದೆ. ನಮ್ಮ ಷೇರಿನ ಐವಿ ಶೇ 40ಕ್ಕೆ ಏರಿದೆ ಎನ್ನಿ. 46 ರೂಪಾಯಿಗೆ ಸಿಗುತ್ತಿದ್ದ 1,500ರ ಕಾಲ್ ಈಗ 72. ನೀವು ಕೊಂಡಿರಿ. ಫಲಿತಾಂಶ ಚೆನ್ನಾಗಿತ್ತು, ಷೇರು 30 ರೂಪಾಯಿ ಏರಿತು. ಅನುಮಾನವೆಲ್ಲ ತೀರಿದ್ದರಿಂದ ಐವಿ ಮತ್ತೆ ಶೇ 25ಕ್ಕೆ ಇಳಿಯಿತು. ನಿಮ್ಮ ಕಾಲ್‌ನ ಬೆಲೆ ಸುಮಾರು 64. ಷೇರು ಏರಿದರೂ ಎಂಟು ರೂಪಾಯಿ ನಷ್ಟ, ಲಾಟ್‌ಗೆ 3,200. ಇದನ್ನು ಮೊದಲ ಸಲ ಕಂಡವರು ಪೇಟೆಯಲ್ಲಿ ಏನೋ ಮೋಸವಿದೆ ಎಂದೇ ನಂಬುತ್ತಾರೆ. ಮೋಸವೇನಿಲ್ಲ. ಅಂಜಿಕೆ ಹೆಚ್ಚಿದ್ದಾಗ ಕೊಂಡು ಅಂಜಿಕೆ ಹೋದ ಮೇಲೆ ಮಾರಿದರೆ ಹೀಗಾಗುತ್ತದೆ.

ಪೇಟೆಯ ಅಂದಾಜು ಯಾವಾಗಲೂ ಸರಿ ಎಂದಲ್ಲ. 2023ರ ಏಪ್ರಿಲ್‌ನಲ್ಲಿ ಇನ್ಫೊಸಿಸ್ ಫಲಿತಾಂಶ ಪ್ರಕಟಿಸಿದ ಮೇಲೆ ಪೇಟೆ ತೆರೆದ ಮೊದಲ ದಿನವೇ, 17ರ ಸೋಮವಾರ, ಷೇರು ಸುಮಾರು ಶೇ 9ರಷ್ಟು ಕುಸಿಯಿತು. ಲೋಕಸಭಾ ಚುನಾವಣೆಯ ಎಣಿಕೆ ನಡೆದ 2024ರ ಜೂನ್ 4ರಂದು ನಿಫ್ಟಿ ಸುಮಾರು ಶೇ 6ರಷ್ಟು ಬಿದ್ದು ಮರುದಿನವೇ ಶೇ 3ಕ್ಕಿಂತ ಹೆಚ್ಚು ಎದ್ದಿತು. ಅಂಥ ದಿನ ಪುಟ್ ಕೊಂಡಿದ್ದವರಿಗೆ ಹಬ್ಬ, ಮಾರಿದ್ದವರಿಗೆ ಮನೆಮಠದ ಚಿಂತೆ. ಕೊಂಡವನ ನಷ್ಟಕ್ಕೆ ಪ್ರೀಮಿಯಂ ಎಂಬ ಮಿತಿ ಇದೆ, ಮಾರಿದವನಿಗೆ ಅಂಥ ಮಿತಿಯಿಲ್ಲ. ಅದಕ್ಕೇ ಮಾರುವವನಿಂದ ದೊಡ್ಡ ಮೊತ್ತದ ಮಾರ್ಜಿನ್, ಅಂದರೆ ಭದ್ರತಾ ಠೇವಣಿ, ಕಟ್ಟಿಸಿಕೊಳ್ಳುತ್ತಾರೆ. ಹೀಗಾಗಿ ನುರಿತವರ ಮೊದಲ ಪ್ರಶ್ನೆ ಇದು: ಈ ಷೇರಿನ ಐವಿ ಕಳೆದ ಒಂದು ವರ್ಷದ ತನ್ನದೇ ಮಟ್ಟಕ್ಕೆ ಹೋಲಿಸಿದರೆ ಈಗ ಎಲ್ಲಿದೆ? ಕೆಳಗಿದ್ದರೆ ಕೊಳ್ಳುವ ಯೋಚನೆ. ಮೇಲಿದ್ದರೆ ಸುಮ್ಮನಿರುವುದು, ಇಲ್ಲವೇ 1,500ರದನ್ನು ಕೊಂಡು 1,600ರದನ್ನು ಮಾರಿ ಖರ್ಚು ತಗ್ಗಿಸಿಕೊಳ್ಳುವುದು. ನಮ್ಮ ಮೊದಲ ಲೆಕ್ಕದಲ್ಲಿ ಹಾಗೆ ಮಾಡಿದರೆ 46ರ ಬದಲು 34 ರೂಪಾಯಿ ಸಾಕು. ಬದಲಿಗೆ 1,600ರಿಂದಾಚೆಯ ಲಾಭವನ್ನು ಬಿಟ್ಟುಕೊಡಬೇಕು.

ಇಡೀ ಪೇಟೆಯ ಅಂಜಿಕೆ ತಿಳಿಯಲು ‘ಇಂಡಿಯಾ ವಿಕ್ಸ್’ ಎಂಬ ಸೂಚ್ಯಂಕವಿದೆ. ನಿಫ್ಟಿ ಆಪ್ಷನ್‌ಗಳ ಬೆಲೆಯಿಂದಲೇ ಅದನ್ನು ಲೆಕ್ಕ ಹಾಕುತ್ತಾರೆ.

ಮಾರಲು ಬಂದರೆ ತಾನೇ

ಆರಿಸಿದ ಆಪ್ಷನ್‌ಗೆ ಗಿರಾಕಿ ಇರಬೇಕು. ಪಟ್ಟಿಯಲ್ಲಿ ಕೊಳ್ಳುವವರ ಬೆಲೆ 11, ಮಾರುವವರ ಬೆಲೆ 14 ಎಂದಿದ್ದರೆ ಕೊಂಡ ಗಳಿಗೆಯಲ್ಲೇ ಮೂರು ರೂಪಾಯಿ, ಅಂದರೆ ಐದನೆಯ ಒಂದು ಪಾಲಿಗೂ ಹೆಚ್ಚು, ಹೋಯಿತು. ಈ ಅಂತರ ಕಿರಿದಾಗಿರುವ, ‘ಓಪನ್ ಇಂಟರೆಸ್ಟ್’ ಅಂದರೆ ಇತ್ಯರ್ಥವಾಗದೆ ನಿಂತ ಒಪ್ಪಂದಗಳ ಸಂಖ್ಯೆ ದೊಡ್ಡದಿರುವ ಸ್ಟ್ರೈಕ್‌ಗಳನ್ನೇ ಅನುಭವಸ್ಥರು ಆರಿಸುತ್ತಾರೆ.

ಇನ್ನೊಂದು ಅಪಾಯವನ್ನು ಆ್ಯಪ್‌ಗಳು ಸಣ್ಣ ಅಕ್ಷರದಲ್ಲಿ ಹೇಳುತ್ತವೆ, ನಾನು ದೊಡ್ಡದಾಗಿ ಹೇಳುತ್ತೇನೆ. 2019ರ ಅಕ್ಟೋಬರ್‌ನಿಂದ ಬಿಡಿ ಷೇರುಗಳ ಆಪ್ಷನ್‌ಗಳೆಲ್ಲ ಷೇರು ಕೊಟ್ಟು-ಪಡೆದೇ ಇತ್ಯರ್ಥವಾಗಬೇಕು. ಷೇರು 1,500ರ ಮೇಲಿದ್ದು, 1,500ರ ಕಾಲನ್ನು ಕೊನೆಯ ದಿನದವರೆಗೂ ನೀವು ಮಾರದಿದ್ದರೆ 400 ಷೇರಿಗೆ 6 ಲಕ್ಷ ರೂಪಾಯಿ ತೆತ್ತು ಬಿಡಿಸಿಕೊಳ್ಳಬೇಕು. ‘ಹೋದರೆ ಪ್ರೀಮಿಯಂ ಮಾತ್ರ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಯಾರ ಜೇಬಿನಿಂದ

ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ ಆಡಿದ ಬಿಡಿ ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು. ಆಡಿದವರಲ್ಲಿ ಶೇ 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ ಮೂವತ್ತು ನಗರಗಳ ಹೊರಗಿನವರು, ಅಂದರೆ ಬಾಗಲಕೋಟೆಯಂಥ ಊರುಗಳವರು. ಮುಕ್ಕಾಲು ಪಾಲಿಗೂ ಹೆಚ್ಚಿನವರ ವಾರ್ಷಿಕ ಆದಾಯ 5 ಲಕ್ಷ ರೂಪಾಯಿಗಿಂತ ಕಡಿಮೆ. ಎದುರು ದಿಕ್ಕಿನಲ್ಲಿ ಗಳಿಸಿದವರು ಹೆಚ್ಚಾಗಿ ಕಂಪ್ಯೂಟರ್ ಕ್ರಮವಿಧಿಯಿಂದ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳು.

ಓಸಿಯ ದಾರಿ ಮತ್ತೆ ಕೂಡುವುದು ಇಲ್ಲಿ. ವಾರದ ಎಕ್ಸ್‌ಪೈರಿ, ಅಂದರೆ ಅವಧಿ ಮುಗಿಯುವ ದಿನ ಎರಡು-ಮೂರು ರೂಪಾಯಿಗೆ ಸಿಗುವ ಸೂಚ್ಯಂಕದ ಆಪ್ಷನ್ ಕೊಂಡು ಮಧ್ಯಾಹ್ನ ಮೂರೂವರೆಗೆ ಕಾಯುವವನು ಡೆಲ್ಟಾ, ಐವಿ ಏನನ್ನೂ ತೂಗಿರುವುದಿಲ್ಲ. ಅವನು ಆಡುತ್ತಿರುವುದು ಅಂಕಿಯಾಟವೇ, ಪರವಾನಗಿ ಮಾತ್ರ ಇದೆ. ಈ ಆಟಕ್ಕೆ ಕಡಿವಾಣ ಹಾಕಲೆಂದೇ ಸೆಬಿ 2024ರ ನವೆಂಬರ್‌ನಿಂದ ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ ಎಂದು ಮಿತಿ ಹೇರಿತು, ಸೂಚ್ಯಂಕದ ಒಪ್ಪಂದದ ಗಾತ್ರವನ್ನು ಕನಿಷ್ಠ 15 ಲಕ್ಷ ರೂಪಾಯಿಗೆ ಏರಿಸಿತು. ಆದರೂ 2024-25ರಲ್ಲಿ ನಷ್ಟ ಮಾಡಿಕೊಂಡವರು ಶೇ 91.

ಈ ಅಧ್ಯಾಯ ಓದಿ ಆಪ್ಷನ್ ಆಡಲು ಕಲಿತೆ ಎಂದುಕೊಂಡರೆ ಅದು ನನ್ನ ಉದ್ದೇಶವಲ್ಲ. ಇದನ್ನು ಬರೆಯಲು ಕಾರಣ ಬೇರೆ: ನಮ್ಮ ಈ ಬಾಗಲಕೋಟೆ ಸೀಮೆ ಮುಳುಗಡೆಯದು. ಕೂಡಲಸಂಗಮಕ್ಕೆ ನಾರಾಯಣಪುರ ಜಲಾಶಯದ ಹಿನ್ನೀರು, ಬಾಗಲಕೋಟೆಗೆ ಆಲಮಟ್ಟಿಯ ಹಿನ್ನೀರು. ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 524.256 ಮೀಟರಿಗೆ ಏರಿಸಿದರೆ ಮುಳುಗುವ ಜಮೀನಿಗೆ, ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಅಷ್ಟು ದುಡ್ಡು ಒಂದೇ ಸಲ ಖಾತೆಗೆ ಬಂದ ಮನೆಯ ಹುಡುಗರ ಮೊಬೈಲಿಗೆ ಟೆಲಿಗ್ರಾಂ ಗುಂಪುಗಳ ‘ಶೂರ್ ಶಾಟ್’ ಸಂದೇಶ ಬರಲು ತಡವಾಗುವುದಿಲ್ಲ.

ಡಿಮ್ಯಾಟ್ ಖಾತೆ ತೆರೆದ ಮಾತ್ರಕ್ಕೆ ಆಪ್ಷನ್ ವ್ಯವಹಾರದ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಬೇರೆಯಾಗಿ ಒಪ್ಪಿಗೆ ಕೊಟ್ಟು ಆದಾಯದ ದಾಖಲೆ ಸಲ್ಲಿಸಬೇಕು. ಪರಿಹಾರದ ಹಣ ಜಮೆಯಾದ ಬ್ಯಾಂಕ್ ಪುಸ್ತಕವನ್ನು ಆ ದಾಖಲೆ ಎಂದು ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ, ಆ ವಿಭಾಗವನ್ನು ಮುಚ್ಚಿಕೊಡಿ ಎಂದು ಬ್ರೋಕರಿಗೆ ಬರೆದು ಕೇಳಿ.