ಲೀಟರಿಗೆ ಹತ್ತು ಯುನಿಟ್, ಕೈಗೆ ಮೂರೇ

ಡೀಸೆಲ್ ಎಂಜಿನ್ನಿನ ದಕ್ಷತೆ ಅಳೆಯಲು ಒಂದು ಹಗ್ಗ, ಒಂದು ಗಾಜಿನ ಕೊಳವೆ, ಒಂದು ಸ್ಟಾಪ್‌ವಾಚ್ ಸಾಕು. ಬಂದ ಅಂಕಿ ಎಂಜಿನ್ನಿನದೋ, ಅದನ್ನು ಓಡಿಸುವವರದೋ ಎಂಬುದೇ ತಕರಾರು.

ಕಲ್ಯಾಣ ಮಂಟಪದ ಜನರೇಟರ್ ಸಾಮಾನ್ಯವಾಗಿ ಅಡುಗೆಮನೆಗೂ ಕಾಂಪೌಂಡ್ ಗೋಡೆಗೂ ನಡುವಿನ ಸಂದಿಯಲ್ಲಿರುತ್ತದೆ. ಕರೆಂಟು ಹೋದಾಗ ಮಾತ್ರ ಅದರ ನೆನಪು. ಮದುವೆ ಮುಗಿದು ಲೆಕ್ಕ ಚುಕ್ತಾ ಮಾಡುವಾಗ ಇನ್ನೊಮ್ಮೆ ನೆನಪಾಗುತ್ತದೆ.

‘ಇಷ್ಟೊಂದು ಡೀಸೆಲ್ ಹೇಗ್ರೀ ಆಯ್ತು? ಓಡಿದ್ದು ಎರಡೇ ಗಂಟೆ ಅಲ್ವಾ?’ ಅಂತ ಹೆಣ್ಣಿನ ತಂದೆ ಕೇಳುತ್ತಾರೆ.

‘ಎರಡೇ ಗಂಟೆ ಸಾರ್. ಆದ್ರೆ ದೊಡ್ಡ ಎಂಜಿನ್ನು, ಸುಮ್ನೆ ನಿಂತಿದ್ರೂ ಕುಡಿಯುತ್ತೆ’ ಅಂತ ಮ್ಯಾನೇಜರ್ ಹೇಳುತ್ತಾರೆ.

ಕೇಳುವವರಿಗೆ ಇದು ನೆಪದಂತೆ ಕಾಣುತ್ತದೆ. ಆದರೆ ಡೀಸೆಲ್ ಎಂಜಿನ್ನಿನ ಶಾಸ್ತ್ರದ ಅರ್ಧಭಾಗ ಮ್ಯಾನೇಜರ ಆ ಒಂದು ಮಾತಿನಲ್ಲಿದೆ.

ಮೊದಲು ಲೀಟರಿನ ಲೆಕ್ಕ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಒಂದು ಗ್ರಾಂ ಉರಿದರೆ ಸುಮಾರು 42.5 ಕಿಲೋಜೌಲ್ ಶಾಖ. ಲೀಟರಿಗೆ 35 ಮೆಗಾಜೌಲ್ ಆಯಿತು. ಮೀಟರಿನಲ್ಲಿ ಓಡುವ ಒಂದು ಯುನಿಟ್ ಕರೆಂಟು ಅಂದರೆ 3.6 ಮೆಗಾಜೌಲ್. ಅಲ್ಲಿಗೆ ಲೀಟರಿನೊಳಗೆ ಹತ್ತಿರಹತ್ತಿರ 10 ಯುನಿಟ್ ಕೂತಿದೆ. ಒಳ್ಳೆಯ ಜನರೇಟರ್ ಅದರಲ್ಲಿ ಮೂರು, ಹೆಚ್ಚೆಂದರೆ ಮೂರೂವರೆ ಯುನಿಟ್ ಕೈಗೆ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಯುನಿಟ್ಟಿಗೆ 25ರಿಂದ 30 ರೂಪಾಯಿ ಬರೀ ಇಂಧನಕ್ಕೇ ಆಯಿತು. ಉಳಿದ ಆರೇಳು ಯುನಿಟ್ ಎಲ್ಲಿ ಹೋಯಿತು?

ಹಗ್ಗ, ಬಕೆಟ್ ನೀರು, ಹತ್ತು ಸಿಸಿ

ಇದನ್ನು ಪತ್ತೆಹಚ್ಚುವ ವಿಧಾನ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತು. ನಮ್ಮ ಕಾಲೇಜುಗಳ ಎಂಜಿನ್ ಲ್ಯಾಬ್‌ಗಳಲ್ಲಿ ಒಂದೇ ಸಿಲಿಂಡರಿನ, 5 ಎಚ್‌ಪಿ, ನಿಮಿಷಕ್ಕೆ 1500 ಸುತ್ತಿನ ಡೀಸೆಲ್ ಎಂಜಿನ್ ಸಾಮಾನ್ಯ. ಸಿಲಿಂಡರಿನ ವ್ಯಾಸ 80 ಮಿಲಿಮೀಟರ್, ಪಿಸ್ಟನ್ ಓಡುವ ದೂರ 110 ಮಿಲಿಮೀಟರ್. ಬಹಳ ಕಡೆ ಅದರ ಮೇಲಿನ ಹೆಸರು ಕಿರ್ಲೋಸ್ಕರ್. ಆ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಶುರುಮಾಡಿದ್ದು ಬೆಳಗಾವಿಯ ಸೈಕಲ್ ಅಂಗಡಿಯಿಂದ.

ಎಂಜಿನ್ನಿನ ದಂಡಕ್ಕೆ ಒಂದು ಕಬ್ಬಿಣದ ಡ್ರಮ್ಮು. ಅದಕ್ಕೆ ಸುತ್ತಿದ ಹಗ್ಗದ ಒಂದು ತುದಿಗೆ ತೂಕದ ಬಿಲ್ಲೆಗಳು, ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ. ಡ್ರಮ್ಮು ತಿರುಗುತ್ತ ಹಗ್ಗವನ್ನು ಉಜ್ಜುತ್ತದೆ, ಹಗ್ಗ ಅದನ್ನು ತಡೆಯುತ್ತದೆ. ಹೀಗೆ ಬ್ರೇಕ್ ಹಾಕಿ ಶಕ್ತಿ ಅಳೆಯುವ ಉಪಾಯ ಫ್ರಾನ್ಸಿನ ಗ್ಯಾಸ್ಪಾರ್ ದ ಪ್ರೋನಿಯದು, 1821ರದು. ‘ಬಿಎಚ್‌ಪಿ’ಯಲ್ಲಿರುವ ‘ಬಿ’ ಆ ಬ್ರೇಕಿನದೇ. ಎಂಜಿನ್ ಕೊಟ್ಟ ಕೆಲಸವೆಲ್ಲ ಅಲ್ಲಿ ಬಿಸಿಯಾಗಿ ಹೋಗುವುದರಿಂದ ಡ್ರಮ್ಮಿನ ಒಳಬಾಯಿಗೆ ನೀರು ಸುರಿಯುತ್ತಲೇ ಇರಬೇಕು. ಮರೆತರೆ ಹಗ್ಗ ಸುಟ್ಟ ವಾಸನೆ ಕಾರಿಡಾರಿನವರೆಗೂ ಬರುತ್ತದೆ.

ಪಕ್ಕದಲ್ಲಿ ಗೀಟು ಹಾಕಿದ ಗಾಜಿನ ಕೊಳವೆ, ಬ್ಯೂರೆಟ್. ಟ್ಯಾಂಕಿನ ನಲ್ಲಿ ತಿರುಗಿಸಿದರೆ ಎಂಜಿನ್ ಈ ಕೊಳವೆಯಿಂದಲೇ ಡೀಸೆಲ್ ಕುಡಿಯತೊಡಗುತ್ತದೆ. ಹಳದಿ ಗೆರೆ ಒಂದು ಗೀಟಿನಿಂದ 10 ಸಿಸಿ ಕೆಳಗಿನ ಗೀಟಿಗೆ ಇಳಿಯಲು ಎಷ್ಟು ಸೆಕೆಂಡ್ ಬೇಕು? ಒಬ್ಬರು ಸ್ಟಾಪ್‌ವಾಚ್ ಒತ್ತುತ್ತಾರೆ, ಇನ್ನೊಬ್ಬರು ತೂಕ ಓದುತ್ತಾರೆ, ಮೂರನೆಯವರು ರೆಕಾರ್ಡಿನಲ್ಲಿ ಬರೆದುಕೊಳ್ಳುತ್ತಾರೆ.

ಉದಾಹರಣೆಗೆ ಒಂದಿಷ್ಟು ಅಂಕಿ ಇಟ್ಟುಕೊಳ್ಳೋಣ. ತಕ್ಕಡಿಯ ಓದು ಕಳೆದು ನಿಂತ ಭಾರ 12 ಕಿಲೋ, ಡ್ರಮ್ಮಿನ ತ್ರಿಜ್ಯ 20 ಸೆಂಟಿಮೀಟರ್. 12ನ್ನು ಗುರುತ್ವದ 9.81ರಿಂದಲೂ 0.2 ಮೀಟರಿನಿಂದಲೂ ಗುಣಿಸಿದರೆ 23.5 ನ್ಯೂಟನ್ ಮೀಟರ್ ಟಾರ್ಕ್. 1500 ಸುತ್ತಿನಲ್ಲಿ ಅದು 3.7 ಕಿಲೋವ್ಯಾಟ್ ಶಕ್ತಿ, ಅಂದರೆ ಎಂಜಿನ್ನಿನ ಫಲಕದ ಮೇಲೆ ಬರೆದಿರುವ 5 ಎಚ್‌ಪಿ. 10 ಸಿಸಿ ಇಳಿಯಲು 30 ಸೆಕೆಂಡ್ ಹಿಡಿಯಿತು ಎನ್ನಿ. ಗಂಟೆಗೆ 996 ಗ್ರಾಂ ಡೀಸೆಲ್. ಶಕ್ತಿಯಿಂದ ಭಾಗಿಸಿದರೆ ಕಿಲೋವ್ಯಾಟ್-ಗಂಟೆಗೆ 269 ಗ್ರಾಂ.

ಎಂಜಿನಿಯರುಗಳು ಎಂಜಿನ್ನಿನ ಜಾತಕ ನೋಡುವುದು ಈ ಒಂದು ಅಂಕಿಯಲ್ಲೇ. ಇದರಿಂದ ದಕ್ಷತೆಗೆ ಹೋಗಲು ಅಡ್ಡದಾರಿ ಇದೆ: 8,470ನ್ನು ಆ ಗ್ರಾಮಿನಿಂದ ಭಾಗಿಸಿದರೆ ಶೇಕಡಾವಾರು ಬರುತ್ತದೆ. 3,600 ಕಿಲೋಜೌಲನ್ನು 42.5ರಿಂದ ಭಾಗಿಸಿ ಶೇಕಡಾಕ್ಕೆ ತಿರುಗಿಸಿದ್ದು, ಬೇರೆ ಗುಟ್ಟೇನಿಲ್ಲ. ನಮ್ಮ ಎಂಜಿನ್ನಿಗೆ ಬಂದ ಉತ್ತರ ಶೇ 31.5.

ಉಳಿದದ್ದರ ಜಾಡನ್ನೂ ಹಿಡಿಯಬಹುದು. ತಂಪು ಮಾಡುವ ನೀರು ನಿಮಿಷಕ್ಕೆ 5 ಲೀಟರ್ ಹರಿದು, 9 ಡಿಗ್ರಿ ಬಿಸಿಯಾಗಿ ಹೊರಬಂದರೆ ಅದು ಒಯ್ದದ್ದು 3.1 ಕಿಲೋವ್ಯಾಟ್, ಅಂದರೆ ಒಟ್ಟಿನ ಕಾಲುಭಾಗಕ್ಕಿಂತ ತುಸು ಹೆಚ್ಚು. ಮಿಕ್ಕದ್ದರಲ್ಲಿ ಬಹುಪಾಲು ಹೊಗೆಯ ಕೊಳವೆಯಲ್ಲಿ ಆಕಾಶಕ್ಕೆ. ಕೊನೆಯಲ್ಲಿ ‘ಲೆಕ್ಕಕ್ಕೆ ಸಿಗದ ನಷ್ಟ’ ಎಂಬ ಒಂದು ಸಾಲು. ಲ್ಯಾಬಿನಲ್ಲಿ ಮಾಡಿದ ತಪ್ಪುಗಳೆಲ್ಲ ಆ ಸಾಲಿನ ಹೊಟ್ಟೆಯಲ್ಲಿ.

ಆಗ್ಸ್‌ಬರ್ಗ್‌ನ ಫೆಬ್ರುವರಿ

ಇದೇ ಬಗೆಯ ಪರೀಕ್ಷೆಯೊಂದು 1897ರ ಫೆಬ್ರುವರಿ 17ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ನಡೆಯಿತು. ಅಳೆಯಲು ಬಂದವರು ಮ್ಯೂನಿಕ್‌ನ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್. ಪರೀಕ್ಷೆಗೆ ನಿಂತದ್ದು ರುಡಾಲ್ಫ್ ಡೀಸೆಲ್ ಅವರ ಎಂಜಿನ್. ಎತ್ತರದ ಒಂದೇ ಸಿಲಿಂಡರ್, 25 ಸೆಂಟಿಮೀಟರ್ ವ್ಯಾಸ, 40 ಸೆಂಟಿಮೀಟರ್ ಓಟ. ನಿಮಿಷಕ್ಕೆ 154 ಸುತ್ತು, 13.1 ಕಿಲೋವ್ಯಾಟ್. ಹೊಟ್ಟೆ ನಮ್ಮ ಲ್ಯಾಬ್ ಎಂಜಿನ್ನಿಗಿಂತ ಮೂವತ್ತೈದು ಪಟ್ಟು ದೊಡ್ಡದು, ಶಕ್ತಿ ಮೂರೂವರೆ ಪಟ್ಟು ಮಾತ್ರ. ಆದರೆ ಇಂಧನ ಕಿಲೋವ್ಯಾಟ್-ಗಂಟೆಗೆ 324 ಗ್ರಾಂ, ದಕ್ಷತೆ ಶೇ 26.2. ಮೇಲಿನ ಅಡ್ಡದಾರಿ ಹಿಡಿದರೆ 26.1 ಬರುತ್ತದೆ. ಅಂದಿನ ಉಗಿಯಂತ್ರಗಳು ಕಲ್ಲಿದ್ದಲಿನ ಶಾಖದಲ್ಲಿ ಹತ್ತನೇ ಒಂದು ಭಾಗವನ್ನು ಕೆಲಸಕ್ಕೆ ತಿರುಗಿಸಿದರೆ ಅದೇ ದೊಡ್ಡದು.

ರುಡಾಲ್ಫ್ ಡೀಸೆಲ್ ಆ ಜಾಗಕ್ಕೆ ಬಂದದ್ದು ಒಂದು ತಪ್ಪನ್ನು ದಾಟಿ. ವಿದ್ಯಾರ್ಥಿಯಾಗಿ ಕಾರ್ಲ್ ಲಿಂಡೆಯವರ ಪಾಠದಲ್ಲಿ ಉಗಿಯಂತ್ರದ ಪೋಲನ್ನು ಕೇಳಿ ತಿಳಿದ ಅವರಿಗೆ, ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲಿ ಹೇಳಿದ ಆದರ್ಶ ಯಂತ್ರವನ್ನೇ ಕಬ್ಬಿಣದಲ್ಲಿ ಕಟ್ಟುವ ಹಟ ಹತ್ತಿತು. ಗಾಳಿಯನ್ನಷ್ಟೇ ವಿಪರೀತ ಹಿಂಡಬೇಕು, ಹಿಂಡಿದ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು, ಉರಿಯುವಾಗ ತಾಪ ಏರಕೂಡದು. ಕಾಗದದ ಮೇಲೆ ದಕ್ಷತೆ ಶೇ 70ನ್ನು ಮೀರಿತು.

ಆಮೇಲೆ ಅವರಿಗೇ ಕಂಡಿತು: ಅಷ್ಟು ಹಿಂಡಲು ಎಂಜಿನ್ ಬಹಳ ಕೆಲಸ ವ್ಯಯಿಸಬೇಕು. ಹಿಗ್ಗುವಾಗ ಮರಳಿ ಸಿಗುವುದು ಅದಕ್ಕಿಂತ ಸ್ವಲ್ಪವೇ ಹೆಚ್ಚು. ನಡುವೆ ಉಳಿಯುವ ತೆಳು ಲಾಭವನ್ನು ಪಿಸ್ಟನ್ ಉಂಗುರಗಳ, ಬೇರಿಂಗುಗಳ ಉಜ್ಜಾಟವೇ ನುಂಗಿಬಿಡುತ್ತದೆ. ಲೆಕ್ಕದಲ್ಲಿ ಅತಿ ದಕ್ಷವಾದ ಆ ಎಂಜಿನ್ ತನ್ನನ್ನು ತಾನೇ ತಿರುಗಿಸಿಕೊಳ್ಳಲಾರದು. ಡೀಸೆಲ್ ಆದರ್ಶವನ್ನು ಬಿಟ್ಟು, ಹೆಚ್ಚುಕಡಿಮೆ ಒಂದೇ ಒತ್ತಡದಲ್ಲಿ ಇಂಧನ ಉರಿಯಲು ಬಿಟ್ಟರು. ಶೇ 70ರ ಕನಸನ್ನು ಕೈಬಿಟ್ಟ ಮೇಲೆ ಶೇ 26 ನಿಜವಾಗಿ ಕೈಗೆ ಬಂತು.

ಉಜ್ಜಾಟದ ಕಪ್ಪ

ಮಂಟಪದ ಮ್ಯಾನೇಜರ ಮಾತು ಇಲ್ಲಿಗೇ ಬಂದು ಸೇರುತ್ತದೆ. ಲ್ಯಾಬ್ ಎಂಜಿನ್ನಿನ ಹಗ್ಗ ಸಡಿಲಿಸಿ, ಭಾರವೆಲ್ಲ ತೆಗೆದುಬಿಡಿ. ಎಂಜಿನ್ 1500 ಸುತ್ತಿನಲ್ಲೇ ಓಡುತ್ತಿದೆ, ಹೊರಗೆ ಚೂರೂ ಕೆಲಸ ಕೊಡುತ್ತಿಲ್ಲ. ಆದರೂ ಬ್ಯೂರೆಟ್ಟಿನ ಗೆರೆ ಇಳಿಯುತ್ತಲೇ ಇದೆ. 10 ಸಿಸಿಗೆ 85 ಸೆಕೆಂಡ್ ಆಯಿತು ಎನ್ನಿ, ಗಂಟೆಗೆ 351 ಗ್ರಾಂ. ಪೂರ್ತಿ ಲೋಡಿನ ಖರ್ಚಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಡೀಸೆಲ್ ಬರೀ ತಿರುಗುವುದಕ್ಕೇ ಹೋಯಿತು. ಎಂಜಿನ್ ಜೀವಂತವಾಗಿರಲು ತೆರುವ ಕಪ್ಪ ಇದು. ಸುತ್ತು ಬದಲಾಗದಿದ್ದರೆ ಲೋಡು ಎಷ್ಟೇ ಇರಲಿ, ಕಪ್ಪ ಹೆಚ್ಚುಕಡಿಮೆ ಅಷ್ಟೇ.

ಲೋಡು ಅಡ್ಡಕ್ಕೆ, ಇಂಧನ ಉದ್ದಕ್ಕೆ ಇಟ್ಟು ಗ್ರಾಫ್ ಎಳೆದರೆ ಸುಮಾರಾಗಿ ಸರಳರೇಖೆ ಬರುತ್ತದೆ. ಅದಕ್ಕೆ ವಿಲನ್ಸ್ ರೇಖೆ ಎಂದು ಹೆಸರು. ಉಗಿಯಂತ್ರಗಳ ಮೇಲೆ ದುಡಿದ ಇಂಗ್ಲಿಷ್ ಎಂಜಿನಿಯರ್ ಪೀಟರ್ ವಿಲನ್ಸ್ ಅವರದು. ರೇಖೆಯನ್ನು ಇಂಧನ ಸೊನ್ನೆಯಾಗುವವರೆಗೆ ಹಿಂದಕ್ಕೆ ಚಾಚಿದರೆ ಅದು ಸೊನ್ನೆಯ ಎಡಗಡೆ ಹೋಗಿ ಮುಟ್ಟುತ್ತದೆ. ನಮ್ಮ ಅಂಕಿಗಳಿಗೆ 2 ಕಿಲೋವ್ಯಾಟಿನಲ್ಲಿ. ಅದೇ ಉಜ್ಜಾಟ ತಿನ್ನುವ ಶಕ್ತಿ. ಎಂಜಿನ್ ಬಿಚ್ಚದೆ, ಸ್ಕೇಲು ಪೆನ್ಸಿಲಿನಲ್ಲೇ ಒಳಗಿನ ಘರ್ಷಣೆ ಕೈಗೆ ಸಿಕ್ಕಂತಾಯಿತು.

ಈಗ ಅದೇ ರೇಖೆಯಿಂದ ದಕ್ಷತೆ ಓದಿ. ಪೂರ್ತಿ ಲೋಡಿನಲ್ಲಿ ಶೇ 31.5. ಅರ್ಧ ಲೋಡಿನಲ್ಲಿ ಶೇ 23. ಕಾಲು ಲೋಡಿನಲ್ಲಿ ಶೇ 15. ಹತ್ತನೇ ಒಂದು ಲೋಡಿನಲ್ಲಿ ಶೇ 7.5. ಸುಮ್ಮನೆ ಓಡುವಾಗ ಸೊನ್ನೆ. ಎಂಜಿನ್ ಒಂದೇ, ಡೀಸೆಲ್ ಒಂದೇ, ನಾಝಲ್ ಒಂದೇ. ಬದಲಾದದ್ದು ಅದರಿಂದ ತೆಗೆದುಕೊಂಡ ಕೆಲಸ ಮಾತ್ರ. ಸಿಗ್ನಲಿನಲ್ಲಿ ಎಂಜಿನ್ ಆರಿಸದೆ ನಿಂತ ಬಸ್ಸು ಎಷ್ಟೇ ಹೊಸದಾದರೂ ಆ ಕ್ಷಣದ ದಕ್ಷತೆ ಸೊನ್ನೆಯೇ.

ಐವತ್ತು ದಾಟಿದವರು

ನಷ್ಟವನ್ನು ಕುಗ್ಗಿಸುವ ಒಂದು ದಾರಿ ಎಂಜಿನ್ನನ್ನು ಹಿಗ್ಗಿಸುವುದು. ಸಿಲಿಂಡರ್ ದೊಡ್ಡದಾದಷ್ಟೂ ಒಳಗಿನ ಗಾತ್ರಕ್ಕೆ ಹೋಲಿಸಿದರೆ ಶಾಖ ಸೋರುವ ಗೋಡೆ ಕಡಿಮೆ. ನಿಧಾನಕ್ಕೆ ತಿರುಗಿದಷ್ಟೂ ಇಂಧನ ಪೂರ್ತಿ ಉರಿಯಲು ಹೊತ್ತು ಸಿಗುತ್ತದೆ. 2006ರಲ್ಲಿ ‘ಎಮ್ಮಾ ಮರ್ಸ್ಕ್’ ಹಡಗಿಗೆ ಕೂರಿಸಿದ ಎಂಜಿನ್ನಿಗೆ 14 ಸಿಲಿಂಡರ್, ಒಂದೊಂದರ ವ್ಯಾಸ 96 ಸೆಂಟಿಮೀಟರ್, ಪಿಸ್ಟನ್ ಓಟ ಎರಡೂವರೆ ಮೀಟರ್. ನಿಮಿಷಕ್ಕೆ 102 ಸುತ್ತು, 80 ಸಾವಿರ ಕಿಲೋವ್ಯಾಟ್. ದಕ್ಷತೆ ಶೇ 50ರ ಆಸುಪಾಸು. ಲಾರಿ ಎಂಜಿನ್ನುಗಳೂ ಈಗ ಆ ಗೆರೆ ದಾಟಿವೆ: ಚೀನಾದ ವೈಚಾಯ್ ಕಂಪನಿ 2020ರಲ್ಲಿ ಶೇ 50.26, 2024ರಲ್ಲಿ ಶೇ 53.09 ಎಂದು ಘೋಷಿಸಿತು. ಇವೆಲ್ಲ ಎಂಜಿನ್ ತನ್ನ ಅತ್ಯುತ್ತಮ ಲೋಡಿನಲ್ಲಿ ಓಡುವಾಗ ಪರೀಕ್ಷಾ ಪೀಠದ ಮೇಲೆ ಸಿಗುವ ಅಂಕಿಗಳು. ಆಗುಂಬೆ ಘಾಟಿ ಇಳಿಯುವ ಲಾರಿಗೂ ಈ ಅಂಕಿಗೂ ಸಂಬಂಧವಿಲ್ಲ.

ಎರಡನೇ ದಾರಿ, ಹೊಗೆಯಲ್ಲಿ ಹೋಗುವ ಶಾಖವನ್ನು ಮರಳಿ ಹಿಡಿಯುವುದು. ಬೆಂಗಳೂರಿನ ಕರೆಂಟಿಗೆ ಆಸರೆಯಾಗಲೆಂದು 1990ರ ದಶಕದಲ್ಲಿ ಯಲಹಂಕದಲ್ಲಿ ಆರು ದೈತ್ಯ ಡೀಸೆಲ್ ಎಂಜಿನ್ನುಗಳ, ಸುಮಾರು 128 ಮೆಗಾವ್ಯಾಟಿನ ಸ್ಥಾವರ ಎದ್ದಿತ್ತು. ಈಗ ಯಲಹಂಕದಲ್ಲಿರುವುದು ಈ ಎರಡನೇ ದಾರಿ ಹಿಡಿದ 370 ಮೆಗಾವ್ಯಾಟಿನ ಅನಿಲ ಸ್ಥಾವರ. ಟರ್ಬೈನ್ ಉಗುಳುವ ಬಿಸಿಯಲ್ಲೇ ನೀರು ಕಾಯಿಸಿ, ಆ ಉಗಿಯಿಂದ ಇನ್ನೊಮ್ಮೆ ಕರೆಂಟು ತೆಗೆಯುವ ಜೋಡಿ ವ್ಯವಸ್ಥೆ ಅದು.

ಎರಡು ಅಂಕಿ ಸಾಕು

ಮಂಟಪಕ್ಕೆ ಮರಳೋಣ. ಮಧ್ಯಾಹ್ನ ಮೂರು ಗಂಟೆ. ಪಂಕ್ತಿ ಮುಗಿದಿದೆ, ಎಸಿ ಆರಿಸಿದ್ದಾರೆ, ಹಾಲಿನಲ್ಲಿ ನಾಲ್ಕು ಫ್ಯಾನು ತಿರುಗುತ್ತಿವೆ. ಸಂದಿಯಲ್ಲಿ ಜನರೇಟರ್ ಮಾತ್ರ ಅದೇ 1500 ಸುತ್ತಿನಲ್ಲಿ ಗುಡುಗುತ್ತಿದೆ. ಮುಹೂರ್ತದಲ್ಲಿ ಲೀಟರಿಗೆ ಮೂರು ಯುನಿಟ್ ಕೊಟ್ಟ ಅದೇ ಯಂತ್ರ ಈಗ ಒಂದನ್ನು ಕೊಟ್ಟರೆ ಹೆಚ್ಚು. ಎಲ್ಲ ದೀಪ, ಎಲ್ಲ ಎಸಿ ಒಟ್ಟಿಗೆ ಉರಿಯುವ ಆ ಒಂದು ಗಂಟೆಯನ್ನು ನೆನೆದು ಕೊಂಡ ದೊಡ್ಡ ಎಂಜಿನ್, ಓಡುವ ಮಿಕ್ಕ ಹೊತ್ತೆಲ್ಲ ಕಪ್ಪ ತೆರುತ್ತದೆ. ಪಕ್ಕದಲ್ಲೊಂದು ಚಿಕ್ಕದು ಇದ್ದಿದ್ದರೆ ದೊಡ್ಡದನ್ನು ಆಗಲೇ ಮಲಗಿಸಬಹುದಿತ್ತು.

ಹಾಗಾಗಿ ಹೆಣ್ಣಿನ ತಂದೆ ಗಂಟೆ ಎಣಿಸಿದ್ದರಿಂದ ಲೆಕ್ಕ ಬಗೆಹರಿಯಲಿಲ್ಲ. ಜನರೇಟರಿನ ಪ್ಯಾನೆಲ್ಲಿನಲ್ಲಿ ಗಂಟೆಯ ಮೀಟರಿನ ಜೊತೆಗೆ ಎಷ್ಟೋ ಕಡೆ ಯುನಿಟ್ ಮೀಟರೂ ಇರುತ್ತದೆ. ಶುರುವಿಗೊಮ್ಮೆ, ಮುಗಿದ ಮೇಲೊಮ್ಮೆ ಅದನ್ನು ಓದಿಕೊಂಡು, ಬಂದ ಯುನಿಟ್ಟನ್ನು ಹೋದ ಲೀಟರಿನಿಂದ ಭಾಗಿಸಿದರಾಯಿತು. ಮೂರರ ಮೇಲೆ ಬಂದರೆ ಯಂತ್ರ ಹೊಟ್ಟೆತುಂಬ ಕೆಲಸ ಮಾಡಿದೆ. ಎರಡು ಬಂದರೆ ಅರೆಹೊಟ್ಟೆ. ಒಂದು ಬಂದರೆ ಮ್ಯಾನೇಜರ್ ಹೇಳಿದ್ದು ಅಕ್ಷರಶಃ ನಿಜ: ಅದು ಸುಮ್ನೆ ನಿಂತು ಕುಡಿದಿದೆ.